ಬೆಳಿಗ್ಗೆ ಮಡಚುತ್ತಿದ್ದ ಸೈಕಲ್ಲು

ನಮ್ಮ ಹಾಲಿನ ಹಳೆಯ ಪರದೆಯೊಂದು ಈಗ ಚೀಲವಾಗಿ ಬಾಳುತ್ತಿದೆ. ತಿಳಿಹಸಿರು ಬಣ್ಣ, ಮೈತುಂಬ ಬಿಳಿಯ ಪುಟ್ಟ ಹೂ; ವರ್ಷಗಟ್ಟಲೆ ಪಡುವಣ ಬಿಸಿಲನ್ನು ತಡೆದು ತಡೆದು ಒಂದು ಮಗ್ಗುಲು ಪೂರ್ತಿ ಬಿಳಿಚಿಕೊಂಡ ಮೇಲೆ ನನ್ನ ತಂಗಿ ಸುಮಾ ಅದನ್ನು ಕತ್ತರಿಸಿ, ಎರಡು ಪದರ ಮಾಡಿ ಹೊಲಿದು, ಬಾಯಿಗೆ ಲಾಡಿ ಏರಿಸಿ, ಗಟ್ಟಿಯಾದ ಹಿಡಿಕೆಯೊಂದನ್ನು ಇಟ್ಟುಕೊಟ್ಟಳು. ಅದರೊಳಗೆ ಕೂರುವುದು ನನ್ನ ಸೈಕಲ್ಲು. ಹೌದು, ನೀವು ಸರಿಯಾಗಿಯೇ ಓದಿದಿರಿ. ಎಪ್ಪತ್ತೊಂದು ತುಂಬಿದ ಹೆಂಗಸಿನ ಚೀಲದಲ್ಲಿ ದಂಟಿನ ಸೊಪ್ಪೋ ಬಿಪಿ ಮಾತ್ರೆಯೋ ಇರಬೇಕೆಂಬುದು ಲೋಕದ ನಿರೀಕ್ಷೆ. ಅವೂ ಇರುತ್ತವೆ, ಸೈಕಲ್ಲಿನ ಸಂದಿಯಲ್ಲಿ. ಹೆಗಲಿಗೆ ಹಾಕಿಕೊಳ್ಳುವ ಶಕ್ತಿ ನನಗಿಲ್ಲವಾದ್ದರಿಂದ ಚೀಲದ ತಳದಲ್ಲಿ ಸುಮಾ ಒಂದು ಕಿಂಡಿ ಬಿಟ್ಟಿದ್ದಾಳೆ. ಅಲ್ಲಿಂದ ಸೈಕಲ್ಲಿನದೇ ಒಂದು ಪುಟ್ಟ ಚಕ್ರ ಹೊರಗಿಣುಕುತ್ತದೆ. ಅದರ ಮೇಲೆ ಎಳೆದುಕೊಂಡು ಹೋಗುತ್ತೇನೆ, ನಮ್ಮ ಅಪಾರ್ಟ್‌ಮೆಂಟಿನವರು ಸಂಜೆ ತಮ್ಮ ತಮ್ಮ ನಾಯಿಗಳನ್ನು ಎಳೆದುಕೊಂಡು ಹೋಗುವಂತೆ.

ಪರದೆ ಏಕೆ ಬೇಕಾಯಿತೆಂದರೆ, ಮೆಟ್ರೊದಲ್ಲಿ ಸೈಕಲ್ಲಿಗೆ ಪ್ರವೇಶವಿಲ್ಲ. ಮಡಚಿದ ಸೈಕಲ್ಲಿಗೆ ಉಂಟು. ನಡುವಿನ ಕೀಲು ಬಿಚ್ಚಿ, ಮುಂದಿನ ಚಕ್ರವನ್ನು ಹಿಂದಿನ ಚಕ್ರದ ಪಕ್ಕ ತಂದು ಕೂರಿಸಿದರೆ ಅದು ವಾಹನ ಎಂಬ ಜಾತಿಯಿಂದ ಲಗೇಜು ಎಂಬ ಜಾತಿಗೆ ಸೇರಿಬಿಡುತ್ತದೆ. ಬಟ್ಟೆ ಹೊದಿಸಿದರಂತೂ ಯಾರೂ ತಿರುಗಿ ಕೇಳುವುದಿಲ್ಲ ಎಂದು ನನ್ನ ಲೆಕ್ಕಾಚಾರ. ಈ ಲೆಕ್ಕಾಚಾರ ಪೂರ್ತಿ ತಪ್ಪು. ಕಾಡುಗೋಡಿಯ ಸ್ಟೇಷನ್ನಿನಲ್ಲಿ ಚೀಲ ತಡವಿ ನೋಡುವ ಸೆಕ್ಯುರಿಟಿಯ ಹುಡುಗಿ ಮೊದಲ ದಿನವೇ ಕೇಳಿದಳು:

"ಅಜ್ಜಿ, ಇದೇನು ವೀಲ್‌ಚೇರಾ?"

"ಅಲ್ಲಮ್ಮ, ಸೈಕಲ್ಲು."

"ಯಾರ್ದು? ಮೊಮ್ಮಗಂದಾ?"

"ನನ್ನದೇ."

ಅವಳು ನನ್ನನ್ನೊಮ್ಮೆ, ಚೀಲವನ್ನೊಮ್ಮೆ ನೋಡಿ, ಆಚೆಯ ಸಾಲಿನಲ್ಲಿದ್ದ ಸಹೋದ್ಯೋಗಿಗೆ ಕೂಗಿ ಹೇಳಿದಳು, "ನೋಡೋ, ಅಜ್ಜಿ ಸೈಕಲ್ ಹೊಡೀತಾರಂತೆ! ನೀನ್ ನೋಡಿದ್ರೆ ಮೆಟ್ಟಿಲು ಹತ್ತಕ್ಕೂ ಉಸ್ಸಪ್ಪಾ ಅಂತೀಯ." ಅಂದಿನಿಂದ ಆ ಸ್ಟೇಷನ್ನಿನಲ್ಲಿ ನನಗೆ ಸೈಕಲ್ ಅಜ್ಜಿ ಎಂದು ಹೆಸರು. ಕಾನ್ವೆಂಟಿನಲ್ಲಿ ಓದಿ, ಮೂವತ್ನಾಲ್ಕು ವರ್ಷ ಇಂಗ್ಲಿಷ್ ಪಾಠ ಹೇಳಿ ಸಂಪಾದಿಸಿದ್ದ 'ಮಿಸ್' ಎಂಬ ಬಿರುದಿಗಿಂತ ಇದು ಹೆಚ್ಚು ಪ್ರಾಮಾಣಿಕವಾದುದೆಂದು ನನಗೆ ಒಮ್ಮೊಮ್ಮೆ ಅನ್ನಿಸುತ್ತದೆ.

ವಾಹನವೇ ಇನ್ನೊಂದು ವಾಹನ ಹತ್ತುವುದರಲ್ಲಿ ಏನೋ ಒಂದು ವಿನೋದವಿದೆ. ಕಿಟಕಿಯ ಪಕ್ಕದಲ್ಲಿ ನನ್ನ ಮೊಣಕಾಲಿಗೆ ಒರಗಿಕೊಂಡು, ಹೂವಿನ ಪರದೆ ಹೊದ್ದು, ತಾನು ತುಳಿಸಿಕೊಳ್ಳದೆಯೇ ಊರು ದಾಟುತ್ತಿರುವ ಆ ಸೈಕಲ್ಲನ್ನು ನೋಡುವಾಗ ನನಗೆ ದಾವಣಗೆರೆಯ ನಮ್ಮ ಮನೆಯ ಹತ್ತಿರದ ಗುಡಿಯಲ್ಲಿ ಕಂಡ ಮರದ ನಂದಿ ನೆನಪಾಗುತ್ತದೆ. ಶಿವನನ್ನು ಹೊರುವುದು ನಂದಿ. ಆ ನಂದಿಯನ್ನು ಹೊರುವುದು ನಾಲ್ಕು ಜನ ಬೆವರಿದ ಗಂಡಸರು. ಚಿಕ್ಕವಳಿದ್ದಾಗ ನಾನು ಅಪ್ಪನನ್ನು ಕೇಳಿದ್ದೆ, ನಂದಿಗೆ ಕಾಲಿದೆಯಲ್ಲ, ಯಾಕೆ ಹೊರಬೇಕು ಎಂದು. ಅಪ್ಪ, "ಅದಕ್ಕೂ ಒಂದಿನ ರಜಾ ಬೇಡೇನವ್ವಾ" ಎಂದಿದ್ದರು. ಉತ್ತರ ಶಾಸ್ತ್ರೀಯವಲ್ಲ, ಆದರೆ ಈ ವಯಸ್ಸಿನಲ್ಲಿ ನನಗೆ ಅದಕ್ಕಿಂತ ಒಳ್ಳೆಯ ಉತ್ತರ ಹೊಳೆದಿಲ್ಲ.

ಅದೇ ದಾವಣಗೆರೆಯ ಕಾನ್ವೆಂಟಿನಲ್ಲಿ ನಾನು ಸೈಕಲ್ ಕಲಿತದ್ದು. ಹುಡುಗಿಯರು ಕಾಂಪೌಂಡಿನೊಳಗೆ ಸುತ್ತು ಹೊಡೆಯಬಹುದಿತ್ತು, ಗೇಟು ದಾಟುವಂತಿರಲಿಲ್ಲ. ಹೀಗಾಗಿ ಬಹುಕಾಲ ಸೈಕಲ್ಲೆಂದರೆ ಹೊರಟ ಜಾಗಕ್ಕೇ ಬಂದು ನಿಲ್ಲುವ ಸಾಧನ ಎಂದೇ ನಂಬಿದ್ದೆ. ಆಮೇಲೆ ಮದುವೆ, ಕೆಲಸ, ಅವರ ಸ್ಕೂಟರಿನ ಹಿಂದಿನ ಸೀಟು. ಅವರು ತೀರಿಕೊಂಡ ಮೇಲೆ, ನಾನೂ ಸುಮಾಳೂ ವೈಟ್‌ಫೀಲ್ಡಿನ ಈ ಫ್ಲ್ಯಾಟಿನಲ್ಲಿ ಒಟ್ಟಿಗೆ ಇರತೊಡಗಿದ ಮೇಲೆ, ಮನೆಯಿಂದ ಸ್ಟೇಷನ್ನಿನವರೆಗಿನ ಒಂದೂವರೆ ಕಿಲೋಮೀಟರು ನನ್ನ ಕಾಂಪೌಂಡು ಗೋಡೆಯಾಯಿತು. ಟೆಕ್ ಪಾರ್ಕಿನ ಬಸ್ಸುಗಳೂ ಟ್ಯಾಂಕರುಗಳೂ ನುಗ್ಗುವ ಆ ದಾರಿಯಲ್ಲಿ ನಡೆಯುವುದು ಕಷ್ಟ. ಆಟೊದವರಿಗೆ ಅಷ್ಟು ಹತ್ತಿರದ ಬಾಡಿಗೆ ಅವಮಾನ. ಪ್ರತಿ ಸಲ ಸುಮಾಳ ಕಾರಿಗಾಗಿ ಕಾಯುವುದು ನನಗೆ ಅವಮಾನ. ಸೈಕಲ್ಲು ಬಂದ ಮೇಲೆ, ಅಪಾರ್ಟ್‌ಮೆಂಟುಗಳ ಹಿಂಬದಿಯ ಒಳದಾರಿ ಹಿಡಿದು ಹತ್ತು ನಿಮಿಷದಲ್ಲಿ ಸ್ಟೇಷನ್ ತಲುಪಿ, ಮಡಚಿ, ಚೀಲಕ್ಕೆ ಹಾಕಿದೆನೆಂದರೆ ಇಡೀ ಊರು ನನ್ನದು. "ಅಕ್ಕಾ, ಈ ವಯಸ್ಸಲ್ಲಿ ಯಾಕೆ ಈ ಸರ್ಕಸ್ಸು? ಬಿದ್ರೆ ನೋಡ್ಕೊಳೋಳು ನಾನು ತಾನೆ?" ಎಂದು ಸುಮಾ ಬೈಯುತ್ತಲೇ ಚೀಲ ಹೊಲಿದಳು. ಅವಳ ಪ್ರೀತಿಯ ರೀತಿಯೇ ಅದು.

ಕಳೆದ ಮಳೆಗಾಲ ಮುಗಿಯುವ ಹೊತ್ತಿಗೆ ಸೈಕಲ್ಲಿನ ನಡು ಅಲ್ಲಾಡತೊಡಗಿತು. ಮಡಚುವ ಕೀಲಿನ ಪಿನ್ನು ಸವೆದಿತ್ತು. ಸುತ್ತಮುತ್ತಲಿನ ಥಳಥಳಿಸುವ ಸೈಕಲ್ ಅಂಗಡಿಗಳಲ್ಲಿ ಕೇಳಿದರೆ, ಈ ಮಾಡೆಲ್ ನಿಂತುಹೋಗಿದೆ, ಬಿಡಿಭಾಗ ಬರುವುದಿಲ್ಲ, ಹೊಸದು ತೊಗೊಳ್ಳಿ ಮೇಡಂ ಎಂದರು. ಆಗ ನೆನಪಾದವನು ಮಂಜುನಾಥ. ಒಂದಾನೊಂದು ಕಾಲದಲ್ಲಿ ನನ್ನ ಏಳನೇ ಕ್ಲಾಸಿನ ಕೊನೆಯ ಬೆಂಚಿನಲ್ಲಿ ಕೂತು ಸ್ಪೆಲ್ಲಿಂಗುಗಳ ಕೊಲೆ ಮಾಡುತ್ತಿದ್ದವನು, ಈಗ ಪೀಣ್ಯದಲ್ಲಿ ಎಂಟು ಜನ ಕೆಲಸಗಾರರ ಸಣ್ಣ ಫ್ಯಾಬ್ರಿಕೇಶನ್ ಯೂನಿಟ್ಟಿನ ಯಜಮಾನ. ಫೋನು ಮಾಡಿ, "ಸೈಕಲ್ಲಿನ ನಡು ಅಲ್ಲಾಡುತ್ತದೆ ಕಣಯ್ಯಾ, ಗಟ್ಟಿ ಮಾಡಿಕೊಡಬೇಕು" ಎಂದೆ. "ತನ್ನಿ ಮಿಸ್, ಅದೇನ್ ಮಹಾ" ಎಂದ.

ಒಂದು ಮಂಗಳವಾರ ಬೆಳಿಗ್ಗೆ ಕಾಡುಗೋಡಿಯಲ್ಲಿ ಹತ್ತಿ, ಮೆಜೆಸ್ಟಿಕ್ಕಿನಲ್ಲಿ ಗಾಡಿ ಬದಲಿಸಿ ಪೀಣ್ಯದಲ್ಲಿ ಇಳಿದೆ. ಅಲ್ಲಿಯ ಸೆಕ್ಯುರಿಟಿಯವನು ಪಾಪ, ಚೀಲವನ್ನು ಲಿಫ್ಟಿನವರೆಗೂ ಎಳೆದುಕೊಟ್ಟ. ಕೆಳಗೆ ಸೈಕಲ್ಲನ್ನು ಬಿಚ್ಚಿ ನಿಲ್ಲಿಸಿ, ಚೀಲವನ್ನು ಮಡಿಸಿ ಹ್ಯಾಂಡ್‌ಬ್ಯಾಗಿಗೆ ತುರುಕಿ, ಲಾರಿಗಳ ನಡುವೆ ಮೆಲ್ಲಗೆ ತುಳಿದುಕೊಂಡು ಅವನ ಶೆಡ್ಡಿಗೆ ಹೋದೆ. ಈ ಒಂದು ಸಾಲನ್ನು ದಯವಿಟ್ಟು ಗಮನಿಸಿ, ಏಕೆಂದರೆ ಮುಂದಿನ ಎಲ್ಲ ಅನಾಹುತದ ಬೇರು ಇಲ್ಲಿದೆ: ಸೈಕಲ್ಲು ಆ ಶೆಡ್ಡಿನೊಳಕ್ಕೆ ಹೋದದ್ದು ಎರಡು ಚಕ್ರದ ಮೇಲೆ, ಎಲ್ಲ ಸೈಕಲ್ಲುಗಳಂತೆ. ಅದು ಮಡಚುತ್ತದೆಂದು ಅಲ್ಲಿ ಯಾರೂ ನೋಡಲಿಲ್ಲ. ನಾನು ಹೇಳಲೂ ಇಲ್ಲ. ನನಗೆ ಗೊತ್ತಿರುವುದು ಎಲ್ಲರಿಗೂ ಗೊತ್ತಿರುತ್ತದೆಂಬ ಭ್ರಮೆ ಟೀಚರುಗಳಿಗೆ ರಿಟೈರಾದ ಮೇಲೂ ಬಿಡುವುದಿಲ್ಲ.

ಮಂಜುನಾಥ ಗಡಿಬಿಡಿಯಲ್ಲಿದ್ದ. ಸೈಕಲ್ಲನ್ನು ಹಿಡಿದು ಒಮ್ಮೆ ಅಲ್ಲಾಡಿಸಿ, ಕಾರ್ಡಿನ ಮೇಲೆ 'ನಡು ಅಲ್ಲಾಟ, ಗಟ್ಟಿ ಮಾಡುವುದು' ಎಂದು ಬರೆದು, ಮೂಲೆಯಲ್ಲಿ ಕಬ್ಬಿಣದ ಅಂಚು ಉಜ್ಜುತ್ತ ಕುಳಿತಿದ್ದ ಒಬ್ಬ ಹೆಂಗಸನ್ನು ಕರೆದ. "ರೇಣುಕಾ, ಇದು ನೀನೇ ಮಾಡು. ಒಬ್ಳೇ." ಮೂವತ್ತರ ಆಸುಪಾಸು, ಸೀರೆಯ ಮೇಲೆ ಖಾಕಿ ಶರ್ಟು, ಕನ್ನಡಕದ ಗುರುತು ಬಿದ್ದ ಮೂಗು. ಅವಳು ಎದ್ದು ಬಂದ ರೀತಿಯಲ್ಲೇ ಇದು ಅವಳಿಗೆ ದಿನದ ಕೆಲಸವಲ್ಲವೆಂದು ತಿಳಿಯುತ್ತಿತ್ತು. ನಾನು ದಾಸರಹಳ್ಳಿಯ ಹಳೆಯ ನೆರೆಯವರ ಮನೆಗೆ ಊಟಕ್ಕೆ ಹೋದೆ.

ಮೂರು ಗಂಟೆಗೆ ಹಿಂದಿರುಗಿದಾಗ ಸೈಕಲ್ಲು ಶೆಡ್ಡಿನ ಬಾಗಿಲಲ್ಲಿ, ಬಿಸಿಲಿನಲ್ಲಿ ನಿಂತಿತ್ತು. ನಡುವಿನಲ್ಲಿ ಕೀಲಿರಲಿಲ್ಲ. ಕೀಲಿದ್ದ ಜಾಗದಲ್ಲಿ, ಮೀನಿನ ಪೊರೆಯಂತೆ ಒಂದರ ಮೇಲೊಂದು ಸಮನಾಗಿ ಕುಳಿತ ವೆಲ್ಡಿಂಗಿನ ಸುತ್ತು. ಅದರ ಮೇಲೆ ನೀಲಿ ಪೇಂಟು, ಸೈಕಲ್ಲಿನ ಬಣ್ಣಕ್ಕೆ ಹೊಂದಿಸಿದ್ದು. ಕೀಲು ಬಿಗಿಯುತ್ತಿದ್ದ ಲಿವರು ಕತ್ತರಿಸಿದ ಜಾಗವನ್ನು ನುಣ್ಣಗೆ ಉಜ್ಜಿದ್ದರು. ಪೀಣ್ಯದವರ ಕಣ್ಣಿನಿಂದ ನೋಡಿದರೆ ಇದರಲ್ಲಿ ತಪ್ಪೇನೂ ಇಲ್ಲ. ಅವರು ದಿನವಿಡೀ ಮಾಡುವುದು ಮೆಷಿನ್ನು ಕೂರಿಸುವ ಪೀಠ, ಗೇಟು, ಟ್ರಾಲಿ. ಅಲ್ಲಾಡಬಾರದ್ದು ಅಲ್ಲಾಡಿದರೆ ಅದನ್ನು ಮತ್ತೆಂದೂ ಅಲ್ಲಾಡದಂತೆ ಕೂಡಿಸುವುದೇ ಅವರ ಧರ್ಮ. ನನ್ನ ಸೈಕಲ್ಲಿನ ಕೀಲು ಅವರಿಗೆ ಕಂಡದ್ದು ಹಿಂದೆ ಯಾರೋ ಅರೆಬರೆ ಮಾಡಿಬಿಟ್ಟ ರಿಪೇರಿಯಾಗಿ.

"ಇನ್ನ ಮುರಿಯೂದಿಲ್ರಿ ಅಕ್ಕೋರ," ಎಂದಳು ರೇಣುಕಾ. ಕೊಪ್ಪಳದ ಕಡೆಯವಳು, ನಾನು ಮಾಸ್ತರಿಕೆ ಮಾಡಿದವಳೆಂದು ಮಂಜುನಾಥ ಹೇಳಿದ್ದೇ ತಡ ಅವಳಿಗೆ ನಾನು ಅಕ್ಕೋರಾಗಿದ್ದೆ. "ಮ್ಯಾಲ ಆನಿ ಕುಂತರೂ ಹಂಗ ಇರತೈತಿ."

ಮಂಜುನಾಥ ನನ್ನನ್ನು ಪಕ್ಕಕ್ಕೆ ಕರೆದು ದನಿ ತಗ್ಗಿಸಿ ಹೇಳಿದ: "ಮಿಸ್, ಮೂರು ವರ್ಷದಿಂದ ಗ್ರೈಂಡಿಂಗಲ್ಲೇ ಇದ್ಳು. ನೋಡಿ ನೋಡಿ ವೆಲ್ಡಿಂಗ್ ಕಲ್ತವ್ಳೆ. ಹೆಂಗಸ್ರಿಗೆ ಟೇಬಲ್ ಕೊಡ್ಬೇಡ ಅಂತ ಹುಡುಗ್ರು ನಗ್ತಾರೆ. ಇದು ಅವಳೊಬ್ಳೇ ಮಾಡಿದ ಮೊದಲ್ನೇ ಕೆಲ್ಸ. ನೀವು ಓಕೆ ಅಂದ್ರೆ ಸೋಮವಾರದಿಂದ ಒಂದು ವೆಲ್ಡಿಂಗ್ ಟೇಬಲ್ ಅವಳಿಗೆ."

ಈಗ ನೀವು ನನ್ನ ಜಾಗದಲ್ಲಿ ನಿಂತುಕೊಳ್ಳಿ. ಒಂದು ಕಡೆ, ಬೆಸುಗೆಯ ಬಿಸಿ ಇನ್ನೂ ಆರದ ಮುಖದಲ್ಲಿ ನನ್ನ ಬಾಯನ್ನೇ ನೋಡುತ್ತಿರುವ ಹೆಂಗಸು. ಇನ್ನೊಂದು ಕಡೆ, ಇನ್ನೆಂದೂ ಮಡಚದ, ಅಂದರೆ ಇನ್ನೆಂದೂ ಮೆಟ್ರೊ ಹತ್ತದ, ಅಂದರೆ ನನ್ನನ್ನು ಮತ್ತೆ ಕಾಂಪೌಂಡಿನೊಳಗೆ ಕೂಡಿಹಾಕುವ ಸೈಕಲ್ಲು. ಒಳ್ಳೆಯದನ್ನು ಹೇಳಲಾಗದಿದ್ದರೆ ಬಾಯಿ ಮುಚ್ಚಿಕೊಂಡಿರಬೇಕು ಎಂಬುದು ನಮ್ಮ ಕಾನ್ವೆಂಟಿನ ಮ್ಯಾನರ್ಸು. ನಾನು ಅದಕ್ಕಿಂತ ಒಂದು ಹೆಜ್ಜೆ ಮುಂದೆ ಹೋದೆ. "ವೆರಿ ಗುಡ್," ಎಂದೆ. ಅಭ್ಯಾಸಬಲ, ಮೂವತ್ನಾಲ್ಕು ವರ್ಷ ಕೆಂಪು ಇಂಕಿನಲ್ಲಿ ಬರೆದ ಎರಡು ಪದಗಳು ಯಾರೂ ಕೇಳದೆಯೇ ಹೊರಬಂದವು. ರೇಣುಕಾ ಶರ್ಟಿನ ತೋಳಿನಿಂದ ಮುಖ ಒರೆಸಿಕೊಂಡಳು. ನಾನು ಸೈಕಲ್ ಹತ್ತಿ, ಕೈ ಬೀಸಿ ಹೊರಟೆ. ನಿಜ ಹೇಳಬೇಕೆಂದರೆ ಅದು ಅಷ್ಟು ಗಟ್ಟಿಯಾಗಿ ಎಂದೂ ಓಡಿರಲಿಲ್ಲ.

ಪೀಣ್ಯದ ಸ್ಟೇಷನ್ನಿನಲ್ಲಿ ಬೆಳಗಿನ ಸೆಕ್ಯುರಿಟಿಯವನೇ ಇದ್ದ. ಲಿಫ್ಟಿನಿಂದ ಸೈಕಲ್ಲನ್ನು ತಳ್ಳಿಕೊಂಡು ಬಂದ ನನ್ನನ್ನು ನೋಡಿ ಎದ್ದುನಿಂತ.

"ಅಜ್ಜಿ, ಹಿಂಗೆ ಬಿಡಲ್ಲ. ಮಡಚಿ."

"ಮಡಚುವುದಿಲ್ಲಪ್ಪ."

"ಬೆಳಿಗ್ಗೆ ಮಡಚಿತ್ತಲ್ಲ? ನಾನೇ ಎಳ್ಕೊಟ್ನಲ್ಲ?"

"ಬೆಳಿಗ್ಗೆ ಮಡಚುತ್ತಿತ್ತು."

ಈ ಉತ್ತರದಲ್ಲಿ ಎಷ್ಟು ಸತ್ಯವಿದೆಯೋ ಅಷ್ಟೇ ಅಸಂಬದ್ಧತೆಯೂ ಇದೆಯೆಂದು ಅವನ ಮುಖ ಹೇಳಿತು. ಬಗ್ಗಿ ನೋಡಿ, ಬೆಸುಗೆಯ ಮೇಲೆ ಬೆರಳಾಡಿಸಿ, "ಅಯ್ಯೋ, ಯಾವನ್ ಅಜ್ಜಿ ಹಿಂಗೆ ಮಾಡ್ದೋನು? ಸಕ್ಕತ್ತಾಗಿ ಮಾಡವ್ನೆ, ಆದ್ರೆ ಮಾಡ್ಬಾರದಿತ್ತು," ಎಂದ. ವಿಮರ್ಶೆಯೆಂದರೆ ಹೀಗಿರಬೇಕು. ನನ್ನ ಹಿಂದೆ ನಿಂತಿದ್ದವರಿಗೂ ಅಭಿಪ್ರಾಯಗಳಿದ್ದವು. ಬ್ಯಾಗು ಹೊತ್ತ ತರುಣನೊಬ್ಬ, "ವೀಲ್ ಬಿಚ್ಚಿ ಪಾರ್ಟ್ಸ್ ಅಂತ ತೊಗೊಂಡೋಗಿ ಗುರು," ಎಂದು ನನ್ನನ್ನೂ ಸೇರಿಸಿ ಗುರುವೆಂದ. ಇನ್ನೊಬ್ಬಾಕೆ, "ವಯಸ್ಸಾದವ್ರು, ಒಂದ್ಸಲ ಬಿಡಿ ಅಣ್ಣ," ಎಂದಳು. "ನನ್ ಕೈಲಿಲ್ಲ ಅಕ್ಕ, ಮ್ಯಾಲೆ ಕ್ಯಾಮೆರಾ ಐತೆ," ಎಂದು ಅವನು ಚಾವಣಿ ತೋರಿಸಿದ. ಅವನದೇನೂ ತಪ್ಪಿರಲಿಲ್ಲ. ಕೆಳಗೆ ಬಸ್ ಸ್ಟಾಪಿಗೆ ಬಂದೆ. ಕಂಡಕ್ಟರು ಬಾಗಿಲಿನಿಂದಲೇ, "ಮೇಡಂ, ಜಾಗ ಎಲ್ಲಿದೆ ಹೇಳಿ, ನಾನೇ ನೇತಾಡ್ತಿದೀನಿ," ಎಂದ, ನಿಜವಾಗಿಯೂ ನೇತಾಡುತ್ತಿದ್ದ. ತುಳಿದುಕೊಂಡು ಹೋಗೋಣವೆಂದರೆ ವೈಟ್‌ಫೀಲ್ಡು ಊರಿನ ಆ ತುದಿ.

ಆಗ ಒಂದು ಜಾಣ ಉಪಾಯ ಹೊಳೆಯಿತು, ಒಂದು ಸುಳ್ಳು ಇನ್ನೊಂದು ಸುಳ್ಳನ್ನು ಸೂಚಿಸುವಂಥದು. ಸೈಕಲ್ಲನ್ನು ಮಂಜುನಾಥನ ಶೆಡ್ಡಿನಲ್ಲಿ ನಿಲ್ಲಿಸಿ, ಮೊಣಕಾಲು ನೋಯುತ್ತಿದೆ, ಇನ್ನೊಮ್ಮೆ ಬಂದು ಒಯ್ಯುತ್ತೇನೆ ಎಂದುಬಿಡುವುದು. ಆಮೇಲೆ ಎಂದೂ ಬಾರದಿರುವುದು. ಹಾಗೆಯೇ ಹಿಂದಿರುಗಿದೆ. ಮಂಜುನಾಥ ಒಳಗೆ ಫೋನಿನಲ್ಲಿದ್ದ. ರೇಣುಕಾ ಬಾಗಿಲಲ್ಲಿ ಕೈ ತೊಳೆಯುತ್ತಿದ್ದಳು. ನಾನು ಮೊಣಕಾಲಿನ ಕಥೆ ಹೇಳುತ್ತ, ಕರ್ಚೀಫಿಗಾಗಿ ಹ್ಯಾಂಡ್‌ಬ್ಯಾಗಿಗೆ ಕೈಹಾಕಿದೆ. ಪರದೆಯ ಚೀಲ ಬುಸ್ಸೆಂದು ಹೊರಗೆ ಬಿತ್ತು.

ಅವಳು ಅದನ್ನು ಎತ್ತಿ ಕೊಡಲು ಹೋದವಳು ಕೊಡಲಿಲ್ಲ. ಬಿಡಿಸಿ ಹಿಡಿದಳು. ತಳದ ಕಿಂಡಿಯಲ್ಲಿ ಚಕ್ರದ ಗ್ರೀಸಿನ ಕರಿ ಗುರುತಿತ್ತು. ಗೇಣು ಹಾಕಿ ಚೀಲವನ್ನು ಅಳೆದಳು, ಸೈಕಲ್ಲನ್ನು ಕಣ್ಣಿನಲ್ಲೇ ಅಳೆದಳು.

"ಮುಂಜಾನಿ ಇದರಾಗ ಬಂದಿತ್ತೇನ್ರಿ ಅದು?"

ಅವಳು ಬೆಸುಗೆಯ ಹತ್ತಿರ ಕುಕ್ಕರಗಾಲಿನಲ್ಲಿ ಕುಳಿತಳು. "ಮಡಚೂದಿತ್ತು," ಎಂದಳು, ನನಗಲ್ಲ, ಸೈಕಲ್ಲಿಗೆ. "ಅದಕ್ಕ ಆ ಪಿನ್ನು. ನಾ ಅದನ್ನ ಕೊಯ್ದು ಒಗದೆ."

"ಪರವಾಗಿಲ್ಲ ರೇಣುಕಾ, ನನಗೆ ಹೇಗಿದ್ದರೂ..."

"ನಿಮಗ ಗೊತ್ತಿತ್ತಲ್ರಿ! ನೋಡಿದ ಕೂಡಲೇ ಗೊತ್ತಾಗಿತ್ತಲ್ಲ?" ಎದ್ದುನಿಂತಳು. ಮುಖ ಕೆಂಪಾಗಿತ್ತು, ಈ ಸಲ ಬೆಸುಗೆಯಿಂದಲ್ಲ. "ಹಂಗಾರ ಯಾಕ ಚಲೋ ಆಗೇತಿ ಅಂದ್ರಿ? ಗಂಡಸ್ರು ಮಾಡಿದ್ದು ಕೆಟ್ಟಿದ್ರ ಮಾರಿ ಮ್ಯಾಗ ಬೈತಿದ್ರಿ. ನಾ ಅಂದ್ರ ಪಾಪ ಅಂತ ಬಿಟ್ರಿ. ತಪ್ಪಂತ ಹೇಳದಿದ್ರ ನಾ ಕಲಿಯೂದು ಹೆಂಗ್ರಿ? ಅಕ್ಕೋರಾಗಿ ಇಷ್ಟೂ ಗೊತ್ತಾಗಂಗಿಲ್ಲೇನ್ರಿ?"

ನನ್ನ ಜೀವಮಾನದಲ್ಲಿ ನನ್ನ ವೃತ್ತಿಯ ಬಗ್ಗೆ ಯಾರೂ ಇಷ್ಟು ನೇರವಾಗಿ ಮಾತನಾಡಿರಲಿಲ್ಲ. ಇನ್‌ಸ್ಪೆಕ್ಷನ್ನಿಗೆ ಬರುತ್ತಿದ್ದವರು ಕೂಡ ಮೊದಲು ಕಾಫಿ ಕುಡಿಯುತ್ತಿದ್ದರು. ಉತ್ತರಕ್ಕಾಗಿ ಅವಳು ಕಾಯಲಿಲ್ಲ. ಒಳಗೆ ಹೋಗಿ ಮಂಜುನಾಥನನ್ನು ಕರೆತಂದಳು. ಆ ಶೆಡ್ಡಿನಲ್ಲಿ ಒಂದು ಪದ್ಧತಿಯಿದೆ: ವಾಪಸು ಬಂದ ಕೆಲಸಕ್ಕೆ ಒಂದು ಕೆಂಪು ಚೀಟಿ ಕಟ್ಟುತ್ತಾರೆ, ಅದರ ಮೇಲೆ ಮಾಡಿದವರ ಹೆಸರು ಬರೆಯುತ್ತಾರೆ. ಗೋಡೆಯ ಮೊಳೆಯಿಂದ ಒಂದು ಚೀಟಿ ಕಿತ್ತು, ತನ್ನ ಹೆಸರನ್ನು ತಾನೇ ಬರೆದು, ಹ್ಯಾಂಡಲ್ಲಿಗೆ ಕಟ್ಟಿ, "ಸಾರ್, ಇದು ಮಡಚೂ ಸೈಕಲ್ಲು. ನಾ ಬೆಸದುಬಿಟ್ಟೀನಿ. ಹೊಸಾ ಕೀಲು ಮಾಡಿ ಕೂಡಸ್ತೀನಿ," ಎಂದಳು.

ಮಂಜುನಾಥ ಸೈಕಲ್ಲು ನೋಡಿದ, ಚೀಟಿ ನೋಡಿದ, ಕೊನೆಗೆ ನನ್ನನ್ನು ನೋಡಿದ. "ಮಿಸ್, ವೆರಿ ಗುಡ್ ಅಂದ್ರಲ್ಲ?" ಎಂದ. ನಾನು ಬಾಯಿ ಬಿಡುವ ಮೊದಲೇ, "ನನ್ ನೋಟ್‌ಬುಕ್ಕಿಗೂ ಹಂಗೇ ಬರೀತಿದ್ರಿ. ಈಗ್ಲೂ ಒಂದ್ ಇಂಗ್ಲಿಷ್ ಲೆಟರ್ ಬರೆಯಕ್ಕೆ ಮಗಳ್ನ ಕರೀತೀನಿ," ಎಂದು ನಕ್ಕ. ಅವನು ತಮಾಷೆಗೆ ಹೇಳಿದ್ದು. ತಮಾಷೆಯಾಗಿದ್ದರಿಂದಲೇ ಅದು ಒಳಗೆ ಇಳಿಯಿತು. ಆಮೇಲೆ ರೇಣುಕಾಳಿಗೆ ನಗದೆ ಹೇಳಿದ, "ಒಂದು ವಾರ ಟೈಮ್ ಕೊಡ್ತೀನಿ. ಇನ್ನೊಂದ್ಸಲ ವಾಪಸ್ ಬಂತೋ, ಗ್ರೈಂಡಿಂಗಿಗೇ ಹೋಗಿ ಕೂತ್ಕೊ. ಟೇಬಲ್ ಮಾತು ಎತ್ತಬಾರದು." ಅವಳು ತಲೆಯಾಡಿಸಿ, ನನ್ನ ಕಡೆ ತಿರುಗಿ, "ಮುಂದಿನ ಮಂಗಳವಾರ ಬರ್ರಿ. ಬಂದು ನೋಡಿ, ಇದ್ದದ್ದು ಇದ್ದಂಗ ಹೇಳ್ರಿ. ಸುಳ್ಳ ಹೇಳೂದಾದ್ರ ಬರಬ್ಯಾಡ್ರಿ," ಎಂದಳು.

ಸಂಜೆಯ ಮೆಟ್ರೊದಲ್ಲಿ ಬರಿಗೈಯಲ್ಲಿ ಹಿಂದಿರುಗಿದೆ. ಸೈಕಲ್ಲಿಲ್ಲದ ನನ್ನನ್ನು ಯಾರೂ ಏನೂ ಕೇಳಲಿಲ್ಲ; ಸೀಟು ಬಿಟ್ಟುಕೊಟ್ಟರು, ಅಷ್ಟೇ. ಕಿಟಕಿಯಾಚೆ ಶೆಡ್ಡುಗಳ ತಗಡಿನ ಚಾವಣಿಗಳು ಹಿಂದೆ ಸರಿಯುತ್ತಿದ್ದಾಗ ನಾನು ಬರೆದ ವೆರಿ ಗುಡ್‌ಗಳೆಲ್ಲ ನೆನಪಾದವು. ಎಷ್ಟೋ ಪುಟಗಳ ಕೆಳಗೆ, ಎಷ್ಟೋ ಮಕ್ಕಳ ಬೆವರಿದ ಅಕ್ಷರಗಳ ಕೆಳಗೆ, ಅವರ ಮುಖ ಬಾಡದಿರಲೆಂದು, ಇಲ್ಲವೇ ನನ್ನ ಸಂಜೆ ಬೇಗ ಮುಗಿಯಲೆಂದು. ಎರಡರಲ್ಲಿ ಯಾವುದು ಹೆಚ್ಚಿತ್ತೆಂದು ಈಗ ಹೇಳಲಾರೆ. ಕರುಣೆಯನ್ನು ಬಹಳ ಕಾಲ ಒಂದು ಬೆಸುಗೆಯಂತೆ ಬಳಸಿದ್ದೆ ಎಂದು ತೋರುತ್ತದೆ: ಎಲ್ಲಿ ಅಲ್ಲಾಡುತ್ತದೋ ಅಲ್ಲಿ ಒಂದು ಸುತ್ತು ಹಾಕಿ ಮುಚ್ಚಿಬಿಡುವುದು. ನೋಡಲು ನುಣುಪು. ಅಲ್ಲಾಡುವ ಜಾಗವೇ ಮಡಚುವ ಜಾಗವೂ ಆಗಿರಬಹುದೆಂದು, ಅದನ್ನು ಮುಚ್ಚಿದರೆ ಆ ಜೀವ ಮುಂದೆ ಯಾವ ಬಾಗಿಲಿನೊಳಗೂ ಹಿಡಿಸದೆ ಹೋಗಬಹುದೆಂದು ಯೋಚಿಸಿರಲಿಲ್ಲ. ಇಷ್ಟೆಲ್ಲ ಯೋಚಿಸಿದರೂ ಪಶ್ಚಾತ್ತಾಪವೇನೂ ಆಗಲಿಲ್ಲ ಎನ್ನಬೇಕು. ಈ ವಯಸ್ಸಿನಲ್ಲಿ ಪಶ್ಚಾತ್ತಾಪಕ್ಕೂ ಮೊಣಕಾಲಿನ ಶಕ್ತಿ ಬೇಕಾಗುತ್ತದೆ. ಸುಮ್ಮನೆ ಒಂದು ಕುತೂಹಲವಿತ್ತು: ಮುಂದಿನ ಮಂಗಳವಾರ ನಾನು ಏನು ಹೇಳುತ್ತೇನೆ ಎಂದು.

ಆ ವಾರ ನಾನು ಎಲ್ಲಿಗೂ ಹೋಗಲಿಲ್ಲ. ಸುಮಾ ಒಂದೆರಡು ಸಲ, "ಕಾರಲ್ಲಿ ಬಿಡ್ಲಾ?" ಎಂದು ಕೇಳಿದಳು. ಬಾಲ್ಕನಿಯಲ್ಲಿ ಕೂತು ಕೆಳಗೆ ಕಾಂಪೌಂಡಿನಲ್ಲಿ ಸುತ್ತು ಹೊಡೆಯುವ ಮಕ್ಕಳ ಸೈಕಲ್ಲುಗಳನ್ನು ನೋಡಿದೆ. ಮಂಗಳವಾರ ಬೆಳಿಗ್ಗೆ ಅವಳ ಕಾರಿನಲ್ಲೇ ಕಾಡುಗೋಡಿಗೆ ಹೋಗಿ, ಖಾಲಿ ಚೀಲದೊಂದಿಗೆ ಪೀಣ್ಯಕ್ಕೆ ಬಂದೆ.

ಶೆಡ್ಡಿನಲ್ಲಿ ಸೈಕಲ್ಲನ್ನು ಮೇಜಿನ ಪಕ್ಕ ನಿಲ್ಲಿಸಿದ್ದರು. ಬೆಸುಗೆ ಕೊಯ್ದು ತೆಗೆದ ಜಾಗದಲ್ಲಿ ಹೊಸ ಕೀಲು. ದಪ್ಪನೆಯ ಎರಡು ಪಟ್ಟಿ, ನಡುವೆ ಲೇತಿನಲ್ಲಿ ಕಡೆದ ಪಿನ್ನು, ಪಕ್ಕದಲ್ಲಿ ಬಿಗಿಯುವ ಲಿವರು. ನೆಲದ ಮೇಲೆ ಸೀಮೆಸುಣ್ಣದಲ್ಲಿ ಅದರ ಚಿತ್ರ, ಹತ್ತಾರು ಸಲ ಅಳಿಸಿ ಬರೆದದ್ದು. ಉಳಿದ ಕೆಲಸಗಾರರು ತಮ್ಮ ತಮ್ಮ ಮೆಷಿನ್ನುಗಳನ್ನು ನಿಲ್ಲಿಸದೆಯೇ ಈ ಕಡೆ ಕಣ್ಣಿಟ್ಟಿದ್ದರು. ನಾನು ಲಿವರು ಎತ್ತಿದೆ; ಬೆಣ್ಣೆಯಂತೆ ಎದ್ದಿತು. ಮಡಚಿದೆ, ಸದ್ದಿಲ್ಲದೆ ತಿರುಗಿತು. ಮುಂದಿನ ಚಕ್ರ ಬಂದು ಹಿಂದಿನ ಚಕ್ರದ ಪಕ್ಕ ನಿಂತಿತು, ಪೂರ್ತಿ ಸೇರದೆ, ನಡುವೆ ಒಂದು ಹೆಬ್ಬೆರಳಿನಷ್ಟು ಅಂತರ ಉಳಿಸಿ. ಒತ್ತಿದೆ. ಪಟ್ಟಿಯ ಅಂಚು ಪಟ್ಟಿಗೆ ತಾಗುತ್ತಿತ್ತು. ಚೀಲ ಹೊದಿಸಿ ನೋಡಿದೆ; ಲಾಡಿಯ ಬಾಯಿ ಕೂಡಲಿಲ್ಲ.

ಹೊದಿಸದೆಯೂ ಒಯ್ಯಬಹುದಿತ್ತು. ಪೀಣ್ಯದ ಆ ಸೆಕ್ಯುರಿಟಿಯವನು ಅಷ್ಟಕ್ಕೆ ಬಿಟ್ಟೇಬಿಡುತ್ತಿದ್ದ. ಮಂಜುನಾಥ ಕೈಕಟ್ಟಿ ನಿಂತಿದ್ದ. "ಹೇಳಿ ಮಿಸ್," ಎಂದ.

"ಸರಿಯಿಲ್ಲ," ಎಂದೆ. ನನ್ನ ದನಿ ನನಗೇ ಹೊಸದಾಗಿ ಕೇಳಿಸಿತು. "ತಿರುಗುವುದು ಚೆನ್ನಾಗಿದೆ, ಹಳೆಯದಕ್ಕಿಂತ ಚೆನ್ನಾಗಿದೆ. ಆದರೆ ಪೂರ್ತಿ ಮುಚ್ಚುವುದಿಲ್ಲ. ಇಲ್ಲಿ ತಾಗುತ್ತಿದೆ."

ಒಂದು ಮೆಷಿನ್ನು ನಿಂತಿತು. ರೇಣುಕಾ ನಾನು ಬೆರಳಿಟ್ಟ ಜಾಗಕ್ಕೆ ಬಗ್ಗಿ ನೋಡಿ, ಉಗುರಿನಿಂದ ಕೆರೆದು, "ಹೌದು," ಎಂದಳು. "ಪಟ್ಟಿ ಒಂದು ಎಳಿ ಒಳಗ ಕುಂತೈತಿ. ಬೆಸಿಯೂವಾಗ ಜಗ್ಗೇತಿ." ಆಮೇಲೆ ಗೋಡೆಯ ಹತ್ತಿರ ಹೋಗಿ, ಇನ್ನೊಂದು ಕೆಂಪು ಚೀಟಿ ತಂದು, ಬರೆಯದೆ ಮಂಜುನಾಥನ ಮುಂದೆ ಹಿಡಿದಳು. ಅವನು ಆಡಿದ ಮಾತು ಅಲ್ಲಿ ಎಲ್ಲರಿಗೂ ನೆನಪಿತ್ತು.

ಮಂಜುನಾಥ ಬಹಳ ಹೊತ್ತು ಕೀಲನ್ನು ತಿರುಗಿಸಿದ, ಮುಚ್ಚಿದ, ತೆರೆದ, ಕಿವಿ ಹತ್ತಿರ ತಂದು ಕೇಳಿದ. ಚೀಟಿಯನ್ನು ಮುಟ್ಟಲಿಲ್ಲ.

"ನನ್ ಕೈಗ್ಯಾಕೆ ಕೊಡ್ತೀಯ? ನಿನ್ ಹೆಸ್ರೇ ಬರ್ಕೊ," ಎಂದ. "ಈ ಕೀಲು ಬಿಚ್ಚಿ ಕೂಡ್ಸೋದು ಇಲ್ಲಿ ಇನ್ ಯಾರಿಗ್ ಬರುತ್ತೆ? ಹೋಗು, ನಿನ್ ಟೇಬಲ್ ಮೇಲೆ ಇಟ್ಕೊಂಡ್ ಮಾಡು."

ಯಾರೋ ಒಬ್ಬ ಶಿಳ್ಳೆ ಹೊಡೆದ, ಮೆಚ್ಚಿಗೆಯೋ ಗೇಲಿಯೋ ತಿಳಿಯಲಿಲ್ಲ. ರೇಣುಕಾ ತಿರುಗಿಯೂ ನೋಡದೆ ತನ್ನ ಹೆಸರು ಬರೆದಳು, ಹೋದ ವಾರಕ್ಕಿಂತ ದೊಡ್ಡ ಅಕ್ಷರಗಳಲ್ಲಿ. ಸೈಕಲ್ಲನ್ನು ಮೇಜಿಗೇರಿಸಿ, ಕನ್ನಡಕ ತೆಗೆದಿಟ್ಟು, ಮುಖಕ್ಕೆ ಕಪ್ಪು ಮುಸುಕನ್ನು ಇಳಿಸಿಕೊಳ್ಳುವ ಮುನ್ನ ನನ್ನ ಕಡೆ ನೋಡಿದಳು.

"ತಾಸು ಹಿಡೀತೈತಿ ಅಕ್ಕೋರ. ಅಲ್ಲಿ ಕುಂದರ್ರಿ. ಬೆಳಕ ನೋಡಬ್ಯಾಡ್ರಿ, ಕಣ್ಣ ಹೋಗ್ತಾವ. ಗ್ವಾಡಿ ಕಡೆ ಮಾರಿ ಮಾಡ್ರಿ."

ತರಗತಿಯಲ್ಲಿ ಎಷ್ಟೋ ಮಕ್ಕಳನ್ನು ಗೋಡೆಗೆ ಮುಖ ಮಾಡಿ ನಿಲ್ಲಿಸಿದವಳು ನಾನು. ಸ್ಟೂಲನ್ನು ತಿರುಗಿಸಿಕೊಂಡು, ಹೇಳಿದಂತೆ ಕೇಳಿ ಕುಳಿತೆ. ಹಿಂದೆ ಚಿಟಪಟ ಶುರುವಾಯಿತು. ಎದುರಿನ ಸುಣ್ಣದ ಗೋಡೆಯ ಮೇಲೆ ನೀಲಿ ಬೆಳಕು ಹೊತ್ತಿ ಆರಿ ಹೊತ್ತಿತು, ಅದರ ನಡುವೆ ಅವಳ ಬಗ್ಗಿದ ನೆರಳು, ನನಗಿಂತ ದೊಡ್ಡದು.